ಕಲವಾವೊ: ಆರೋಗ್ಯ ಇಲಾಖೆಯೇ ಆಳುವ ಕೌಂಟಿ

ಮಾನ್ಯ ಸಂಪಾದಕರೆ,

ಅಮೆರಿಕದ ಅತಿ ಚಿಕ್ಕ ಆಡಳಿತ ಘಟಕಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಪ್ರಕಟವಾದ ಬರಹದಲ್ಲಿ ಹವಾಯಿ ರಾಜ್ಯದ ಕಲವಾವೊ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಘಟಕ) ಪ್ರಸ್ತಾಪ ಒಂದೇ ಸಾಲಿನಲ್ಲಿ ಮುಗಿದಿದೆ. ಅಲ್ಲಿನ ವಿಸ್ತೀರ್ಣ ಸುಮಾರು 31 ಚದರ ಕಿ.ಮೀ., 2020ರ ಜನಗಣತಿಯಂತೆ ಜನಸಂಖ್ಯೆ 82 ಎಂಬುದು ಸರಿಯೇ. ಆದರೆ ಆ ಸಂಖ್ಯೆ ಅಷ್ಟಕ್ಕೆ ಇಳಿದದ್ದು ಹೇಗೆ, ಅಲ್ಲಿ ಚುನಾಯಿತ ಕೌಂಟಿ ಆಡಳಿತವೇ ಏಕಿಲ್ಲ ಎಂಬುದನ್ನು ಬಿಟ್ಟರೆ ಹೇಳಬೇಕಾದ ಮುಖ್ಯ ಸಂಗತಿಯೇ ಬಿಟ್ಟುಹೋದಂತಾಗುತ್ತದೆ. ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಬಹುಕಾಲ ದುಡಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೊಲೊಕಾಯ್ ದ್ವೀಪದ ಉತ್ತರಕ್ಕೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಭೂಭಾಗವೇ ಕಲವಾವೊ. ಮೂರು ಕಡೆ ಕಡಲು, ಇನ್ನೊಂದು ಕಡೆ ಕಡಿದಾದ ಬೆಟ್ಟ. ಬೆಟ್ಟವಿಳಿಯಲು ಕಾಲುದಾರಿಯಷ್ಟೇ ಇದೆ, ವಾಹನದ ರಸ್ತೆಯಿಲ್ಲ. ಹವಾಯಿ ಇನ್ನೂ ಸ್ವತಂತ್ರ ರಾಜ್ಯವಾಗಿದ್ದ 1865ರಲ್ಲಿ, ಐದನೇ ಕಮೆಹಮೆಹಾ ದೊರೆಯ ಕಾಲದಲ್ಲಿ, ಕುಷ್ಠರೋಗ ಹರಡದಂತೆ ರೋಗಿಗಳನ್ನು ಬೇರ್ಪಡಿಸುವ ಕಾನೂನು ಬಂತು. 1866ರ ಜನವರಿಯಲ್ಲಿ ಹನ್ನೆರಡು ಮಂದಿಯ ಮೊದಲ ತಂಡವನ್ನು ಅಲ್ಲಿ ಇಳಿಸಲಾಯಿತು. ತಲೆಮಾರುಗಳಿಂದ ಅಲ್ಲಿಯೇ ಗೆಣಸು ಬೆಳೆದು ಬಾಳಿದ್ದ ಮೂಲನಿವಾಸಿಗಳನ್ನು ಹಂತಹಂತವಾಗಿ ಎಬ್ಬಿಸಿ ಕಳುಹಿಸಿದರು. ಮುಂದಿನ ನೂರು ವರ್ಷಗಳಲ್ಲಿ ಸುಮಾರು ಎಂಟು ಸಾವಿರ ಜನ ಅಲ್ಲಿಗೆ ಸೇರಿದರು. ಅವರಲ್ಲಿ ಹೆಚ್ಚಿನವರು ಹವಾಯಿಯ ಮೂಲನಿವಾಸಿಗಳೇ.

ಬೆಲ್ಜಿಯಂನ ಪಾದ್ರಿ ಡೇಮಿಯನ್ 1873ರಲ್ಲಿ ಅಲ್ಲಿಗೆ ಹೋಗಿ, ರೋಗಿಗಳ ಸೇವೆ ಮಾಡುತ್ತ ಅದೇ ರೋಗಕ್ಕೆ ತುತ್ತಾಗಿ 1889ರಲ್ಲಿ ತೀರಿಕೊಂಡದ್ದನ್ನು ಅನೇಕರು ಬಲ್ಲರು. ಅವರ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ 1879ರಲ್ಲಿ ರೋಗಿಯಾಗಿಯೇ ಅಲ್ಲಿಗೆ ಬಂದು, ಹಲವು ವರ್ಷ ಆ ವಸಾಹತಿನ ಮೇಲ್ವಿಚಾರಕರಾಗಿ ಕೆಲಸ ಮಾಡಿದ ಅಂಬ್ರೋಸ್ ಹಚಿಸನ್ ಅವರ ಹೆಸರು ಎಲ್ಲಿಯೂ ಕೇಳಿಬರುವುದಿಲ್ಲ. ತಮ್ಮ ಊರಿನ ಕೆಲಸಕಾರ್ಯಗಳನ್ನು ತಾವೇ ನಡೆಸಬಲ್ಲವರು ರೋಗಿಗಳ ನಡುವೆಯೇ ಇದ್ದರು ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೀಗಿದ್ದೂ 1905ರಲ್ಲಿ ಹವಾಯಿಯಲ್ಲಿ ಕೌಂಟಿಗಳು ರಚನೆಯಾದಾಗ ಕಲವಾವೊವನ್ನು ಪ್ರತ್ಯೇಕ ಕೌಂಟಿಯಾಗಿಸಿ ಆರೋಗ್ಯ ಮಂಡಳಿಯ ಕೈಗೆ ಒಪ್ಪಿಸಲಾಯಿತು. ಆ ವ್ಯವಸ್ಥೆ ಇಂದಿಗೂ ಬದಲಾಗಿಲ್ಲ. ರಾಜ್ಯದ ಆರೋಗ್ಯ ಇಲಾಖೆಯ ನಿರ್ದೇಶಕರೇ ಅಲ್ಲಿನ ಮೇಯರ್. ಕೌಂಟಿಯ ಅಧಿಕಾರಿ ಎಂದು ಇರುವವರು ಕಾನೂನು ಪಾಲನೆ ನೋಡಿಕೊಳ್ಳುವ ಒಬ್ಬ ಶೆರಿಫ್ ಮಾತ್ರ, ಅವರನ್ನು ನೇಮಿಸುವುದೂ ಅದೇ ಇಲಾಖೆ. ನಮ್ಮ ಗ್ರಾಮ ಪಂಚಾಯಿತಿಯಂತಹ ಚುನಾಯಿತ ಸಭೆಯೊಂದು ಅಲ್ಲಿಲ್ಲ. ರೋಗಿಗಳ ಸಲಹಾ ಮಂಡಳಿಯೊಂದಿದೆಯಾದರೂ ಹೆಸರೇ ಹೇಳುವಂತೆ ಅದು ಸಲಹೆ ನೀಡಬಹುದಷ್ಟೆ.

ಆ ಆಡಳಿತ ಜನರ ಬದುಕಿನೊಳಗೆ ಎಷ್ಟು ಕೈಯಾಡಿಸಿತ್ತು ಎಂಬುದಕ್ಕೆ ಎರಡು ಸಂಗತಿಗಳನ್ನು ಹೇಳಬೇಕು. ನೋಡಲು ಬಂದ ಬಂಧುಗಳ ಮತ್ತು ರೋಗಿಗಳ ನಡುವೆ ತಂತಿಬಲೆಯ ತಡೆಯಿತ್ತು. ಮಾತು ದಾಟಬಹುದಿತ್ತು, ಕೈ ದಾಟುವಂತಿರಲಿಲ್ಲ. ಅಲ್ಲಿ ಹುಟ್ಟಿದ ಕೂಸುಗಳನ್ನು ತಾಯಿಯ ಮಡಿಲಿನಿಂದ ತೆಗೆದು ಶಿಶುಗೃಹದಲ್ಲಿರಿಸಿ, ಗಾಜಿನ ಆಚೆಯಿಂದ ತೋರಿಸಿ, ಅನಂತರ ಹೊರಗೆ ಕಳುಹಿಸುತ್ತಿದ್ದರು. 1946ರ ಸುಮಾರಿಗೆ ಸಲ್ಫೋನ್ ಔಷಧಿಗಳು ಬಂದು ರೋಗ ಹತೋಟಿಗೆ ಸಿಕ್ಕಿತು. ಬೇರ್ಪಡಿಸುವ ಕಾನೂನು ರದ್ದಾದದ್ದು ಮಾತ್ರ 1969ರಲ್ಲಿ. ಈ ಇಪ್ಪತ್ತಮೂರು ವರ್ಷಗಳ ವಿಳಂಬವನ್ನು ಯಾವ ವೈದ್ಯಕೀಯ ಕಾರಣದಿಂದಲೂ ಸಮರ್ಥಿಸಲಾಗದು.

ಹೊರಗೆ ಹೋಗಲು ಸ್ವಾತಂತ್ರ್ಯ ಸಿಕ್ಕ ಮೇಲೂ, ಬೇರೆ ಮನೆಯೇ ಇಲ್ಲದ ಅನೇಕರು ಜೀವಿತಾವಧಿಯವರೆಗೆ ಇರುವ ಹಕ್ಕನ್ನು ಪಡೆದು ಅಲ್ಲಿಯೇ ಉಳಿದರು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಸಾವಿರ ದಾಟಿದ್ದ ಜನಸಂಖ್ಯೆ 2000ದಲ್ಲಿ 147, 2010ರಲ್ಲಿ 90 ಆಯಿತು. ಇಂದು ಅಲ್ಲಿರುವವರಲ್ಲಿ ಬಹುಪಾಲು ಜನ ಆರೋಗ್ಯ ಇಲಾಖೆಯ ಮತ್ತು 1980ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ನೌಕರರು. ಹಳೆಯ ರೋಗಿಗಳು ಬೆರಳೆಣಿಕೆಯಷ್ಟು ಮಾತ್ರ. ಅವರ ನಂತರ ಆ ನೆಲ ಯಾರ ಆಡಳಿತಕ್ಕೆ ಸೇರಬೇಕೆಂಬುದನ್ನು ಇಲಾಖೆಗಳಷ್ಟೇ ಕುಳಿತು ತೀರ್ಮಾನಿಸಬಾರದು. ಅಲ್ಲಿ ಮಣ್ಣಾದವರ ವಂಶಸ್ಥರಿಗೂ, ಎಬ್ಬಿಸಲ್ಪಟ್ಟ ಮೂಲನಿವಾಸಿಗಳ ಮಕ್ಕಳುಮೊಮ್ಮಕ್ಕಳಿಗೂ ನಿರ್ಧಾರದಲ್ಲಿ ಪಾಲಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಂಟು ಸಾವಿರ ಮಂದಿಯಲ್ಲಿ ಗುರುತಿನ ಕಲ್ಲಿರುವ ಸಮಾಧಿಗಳು ಒಂದೂವರೆ ಸಾವಿರಕ್ಕೂ ಕಡಿಮೆ. ಎಲ್ಲರ ಹೆಸರನ್ನೂ ಕೆತ್ತಿದ ಸ್ಮಾರಕಕ್ಕೆ 2009ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ನೀಡಿತು, ಅದಕ್ಕಾಗಿ ಹೋರಾಡಿದವರಲ್ಲಿ ಈ ವಂಶಸ್ಥರೂ ಇದ್ದರು.

ಇದು ನಮಗೆ ದೂರದ ಮಾತಲ್ಲ. ಜಗತ್ತಿನ ಹೊಸ ಕುಷ್ಠರೋಗ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದಲ್ಲಿವೆ. ಬಹುಔಷಧ ಚಿಕಿತ್ಸೆಯಿಂದ ರೋಗ ಪೂರ್ಣ ಗುಣವಾಗುತ್ತದೆಂದು ಮನೆಮನೆಗೆ ಹೋಗಿ, ಸ್ಪರ್ಶಜ್ಞಾನವಿಲ್ಲದ ಮಚ್ಚೆ ಪರೀಕ್ಷಿಸುತ್ತ ನಾವು ಹೇಳುತ್ತಿದ್ದ ಕಾಲದಲ್ಲಿಯೂ, ರೋಗಿಗಳನ್ನು ಬೇರ್ಪಡಿಸಿಡಲು ಅವಕಾಶ ಕೊಟ್ಟಿದ್ದ 1898ರ ಕುಷ್ಠರೋಗಿಗಳ ಕಾಯ್ದೆ ಜಾರಿಯಲ್ಲಿತ್ತು. ಅದು ರದ್ದಾದದ್ದು 2016ರಲ್ಲಿ. ಒಡಿಶಾದ ಪೌರಸಭಾ ಕಾಯ್ದೆಯಲ್ಲಿ ಕುಷ್ಠರೋಗಿಗಳು ಚುನಾವಣೆಗೆ ನಿಲ್ಲದಂತೆ ತಡೆದಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಎತ್ತಿಹಿಡಿದಿತ್ತು. ವಿವಾಹ ವಿಚ್ಛೇದನಕ್ಕೆ ಈ ರೋಗ ಕಾರಣವಾಗಬಾರದೆಂಬ ತಿದ್ದುಪಡಿಗೆ ನಾವು 2019ರವರೆಗೆ ಕಾಯಬೇಕಾಯಿತು. ಪ್ರತಿ ಜನವರಿ 30ರಂದು ಕುಷ್ಠರೋಗ ನಿವಾರಣಾ ದಿನದ ಸಂದೇಶಗಳನ್ನು ಪ್ರಕಟಿಸುವ ತಮ್ಮ ಪತ್ರಿಕೆಯು, ಇಂಥ ಯಾವ ನಿಯಮಗಳು ನಮ್ಮ ಸ್ಥಳೀಯ ಸಂಸ್ಥೆಗಳ ಕಾಯ್ದೆಗಳಲ್ಲಿ ಇನ್ನೂ ಉಳಿದಿವೆ ಎಂಬುದನ್ನು ರಾಜ್ಯವಾರು ಪರಿಶೀಲಿಸಿ ವರದಿ ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಆರೋಗ್ಯ ಕಾರ್ಯಕರ್ತ, ಹಾವೇರಿ