ಆನೆಗೊಂದಿಯ ಅಕ್ಕನಿಗೆ, ಮತ್ತೆ ನಿಮಗೆಲ್ಲರಿಗೂ

ಹೋದ ವಾರ ಕಾಲೇಜಿನ ಪ್ರವಾಸೋದ್ಯಮ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರಿದೆ. ಶುಭಾಶಯ ಹೇಳಿದ ಒಬ್ಬೊಬ್ಬರಿಗೂ ಉತ್ತರ ಬರೆಯಲು ಆಗಲಿಲ್ಲ. ಅದಕ್ಕೇ ಈ ಬರಹ.

ಯುಜಿಸಿಯ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ಕೊಡುವ ಫೆಲೋಶಿಪ್) ಸಿಗದಿದ್ದರೆ ನಾನು ಈ ದಾರಿಗೆ ಬರುತ್ತಲೇ ಇರಲಿಲ್ಲ. ಅದಕ್ಕೆ ಬರೆಯಬೇಕಾದ ನೆಟ್ ಪರೀಕ್ಷೆಯಲ್ಲಿ ಪ್ರವಾಸೋದ್ಯಮ ಒಂದು ಬೇರೆಯೇ ವಿಷಯ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಿಎಚ್‌ಡಿಗೆ ಸೇರಿದಾಗ ತಿಂಗಳಿಗೆ 31,000 ರೂಪಾಯಿ ಬರುತ್ತಿತ್ತು, 2023ರ ಜನವರಿಯಿಂದ ಅದು 37,000 ಆಯಿತು. ಆ ದುಡ್ಡು ಇದ್ದುದರಿಂದಲೇ ಹಂಪಿಯ ಹತ್ತಿರ, ತುಂಗಭದ್ರೆಯ ಆಚೆ ದಡದ ಆನೆಗೊಂದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಉಳಿಯಲು ಆಯಿತು. ಇಲ್ಲದಿದ್ದರೆ ಎಲ್ಲೋ ಪಾಠ ಮಾಡಿಕೊಂಡು, ಭಾನುವಾರ ಬಂದು ಪ್ರವಾಸಿಗರ ಕೈಗೆ ಪ್ರಶ್ನಾವಳಿ ಕೊಟ್ಟು ಹೋಗುತ್ತಿದ್ದೆ, ಅಷ್ಟೇ. ಏಪ್ರಿಲ್, ಮೇ ಬಿಸಿಲಲ್ಲಿ ಹಂಪಿ ಕಡೆ ಪ್ರವಾಸಿಗರು ಕಡಿಮೆ. ಆಗ ಊರಿನವರ ಕೈಲಿ ಮಾತಾಡಲು ಪುರುಸೊತ್ತು ಇರುತ್ತದೆ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ತೆರವು ಮಾಡಿದರಲ್ಲ, ಅಲ್ಲಿ ಅಡುಗೆ ಮಾಡುತ್ತಿದ್ದ, ಹಾಸಿಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಆಮೇಲೆ ಏನಾದರು? ನನ್ನ ಪಿಎಚ್‌ಡಿಯ ಪ್ರಶ್ನೆ ಹುಟ್ಟಿದ್ದೇ ಅಂಥ ಮಾತುಗಳಲ್ಲಿ.

ಆ ಕೋಣೆ ಕೊಟ್ಟವಳು ಅಕ್ಕ. ಹೆಸರು ಹಾಕಬೇಡ ಅಂದಿದ್ದಾಳೆ, ಹಾಕುವುದಿಲ್ಲ. ಮೊದಲು ಗಡ್ಡೆಯಲ್ಲೇ ಕೆಲಸ ಮಾಡುತ್ತಿದ್ದಳು, ಈಗ ಬಾಳೆನಾರಿನ ಚೀಲ ಹೆಣೆಯುತ್ತಾಳೆ. ಯಾರ ಮನೆಗೆ ಯಾವಾಗ ಹೋಗಬೇಕು, ಯಾರ ಹತ್ತಿರ ದುಡ್ಡಿನ ವಿಷಯ ಎತ್ತಬಾರದು, ಎಲ್ಲ ಹೇಳಿಕೊಟ್ಟಿದ್ದು ಅವಳೇ.

ಹೊಸಪೇಟೆಯಿಂದ ಅಪ್ಪನ ವಿಷಯಕ್ಕೆ ಫೋನ್ ಬಂದ ರಾತ್ರಿ ನಾನು ಆ ಕೋಣೆಯಲ್ಲಿದ್ದೆ. ಕತ್ತಲಾದ ಮೇಲೆ ಹೊಳೆ ದಾಟಲು ತಳವಾರಘಟ್ಟದಲ್ಲಿ ದೋಣಿ ಇಲ್ಲ, ಬಸ್ಸೂ ಇಲ್ಲ. ಬ್ಯಾಗಿಗೆ ಏನು ತುಂಬುತ್ತಿದ್ದೇನೆ ಅಂತ ನನಗೇ ತಿಳಿಯುತ್ತಿರಲಿಲ್ಲ. ಅಕ್ಕ ಓಡಿಹೋಗಿ ತನ್ನ ತಮ್ಮನನ್ನು ಎಬ್ಬಿಸಿ ಅವನ ಗೂಡ್ಸ್ ಗಾಡಿ ತೆಗೆಸಿದಳು. "ಒಬ್ಬಾಕಿನ ಹೆಂಗ ಹೊಕ್ಕೀ? ನಾನೂ ಬರ್ತೀನಿ, ನಡೀ" ಅಂದಳು. ಬುಕ್ಕಸಾಗರದ ಸೇತುವೆ ದಾಟಿ ಹೋದೆವು. ದಾರಿಯುದ್ದಕ್ಕೂ ಒಂದೂ ಸಮಾಧಾನದ ಮಾತು ಆಡಲಿಲ್ಲ, ನನ್ನ ಕೈ ಮಾತ್ರ ಬಿಡಲಿಲ್ಲ. ಬೆಳಗಿನ ಜಾವ ಡಾಕ್ಟರ್ ಹೊರಗೆ ಬಂದು ಹೇಳಿದ್ದು ನಿಮಗೆಲ್ಲ ಗೊತ್ತು. ಅದನ್ನು ಬರೆಯುವ ಶಕ್ತಿ ನನಗೆ ಈಗಲೂ ಇಲ್ಲ. ಅಮ್ಮನನ್ನು ಹಿಡಿದುಕೊಂಡವಳು ಅಕ್ಕ. ಬಂದವರಿಗೆಲ್ಲ ಚಹಾ ಮಾಡಿದವಳೂ ಅವಳೇ, ನಮ್ಮ ಮನೆಗೆ ಅವತ್ತೇ ಮೊದಲ ಸಲ ಬಂದಿದ್ದಳು.

ಓದು ಬಿಟ್ಟು ಯಾವುದಾದರೂ ಕೆಲಸಕ್ಕೆ ಸೇರು ಅಂತ ಬಂಧುಗಳು ಹೇಳಿದರು. ನಾನೂ ಹಾಗೇ ಅಂದುಕೊಂಡು ಕೋಣೆ ಖಾಲಿ ಮಾಡಲು ಹೋದೆ. ಅಕ್ಕ ಬಾಗಿಲಲ್ಲಿ ನಿಂತು, "ನಿಮ್ಮಪ್ಪ ಓದು ಅಂದಿದ್ದ, ಓದು. ಬಾಡಿಗಿ ಆಮ್ಯಾಲೆ ನೋಡೂಣು" ಅಂದಳು. ಆವತ್ತು ಅವಳ ಮುಂದೆ ಜೋರಾಗಿ ಅತ್ತುಬಿಟ್ಟೆ. ಆಮೇಲೆ ಫೆಲೋಶಿಪ್ ದುಡ್ಡಲ್ಲೇ ಅಮ್ಮನ ಔಷಧಿ, ತಮ್ಮನ ಡಿಪ್ಲೊಮಾ ಫೀಸು, ನನ್ನ ಓದು ಮೂರೂ ನಡೆದವು. ಅದು ನನ್ನೊಬ್ಬಳ ಸ್ಕಾಲರ್‌ಶಿಪ್ ಆಗಿರಲಿಲ್ಲ. ಅಪ್ಪ ಇದ್ದಿದ್ದರೆ ಈ ನೇಮಕದ ಆದೇಶವನ್ನು ಓಣಿಯವರಿಗೆಲ್ಲ ಓದಿ ಹೇಳುತ್ತಿದ್ದರು.

ಪ್ರತಿ ಅಧ್ಯಾಯವನ್ನೂ ಕೆಂಪು ಪೆನ್ನಲ್ಲಿ ತಿದ್ದಿಕೊಟ್ಟ ಗೈಡ್ ಮೇಡಂಗೆ, ಹಾಸ್ಟೆಲ್ ಗೆಳತಿಯರಿಗೆ, ಲೈಬ್ರರಿಯವರಿಗೆ, ಹರಿಗೋಲು ಹಾಕುವ ಅಣ್ಣಂದಿರಿಗೆ, ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ.

ಅಕ್ಕ, ಮುಂದಿನ ತಿಂಗಳು ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತೇನೆ. ಗಡ್ಡೆಯ ಕತೆಯನ್ನು ನೀನೇ ಹೇಳಬೇಕು. ಇನ್ನು ಪ್ರವಾಸೋದ್ಯಮದಲ್ಲಿ ನೆಟ್ ಬರೆಯುವವರು ಯಾರಾದರೂ ಇದ್ದರೆ ಕೇಳಿ, ನನ್ನ ನೋಟ್ಸ್ ಎಲ್ಲ ಕೊಡುತ್ತೇನೆ.