ಚೀಟಿಯ ಬೆನ್ನು ನೋಡಿ ದುಡ್ಡು ಕೊಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಒಂದು ಸೆಂಟ್ ಬೆಲೆಯ ಹಳೇ ಅಂಚೆಚೀಟಿಯೊಂದು 2024ರ ಜೂನ್‌ನಲ್ಲಿ 43 ಲಕ್ಷ ಡಾಲರ್‌ಗೂ ಮೀರಿ ಹರಾಜಾಯಿತು. ಆಮೇಲಿಂದ ಬೆಂಜಮಿನ್ ಫ್ರಾಂಕ್ಲಿನ್ ಮುಖವಿರುವ ಯಾವ ಚೀಟಿ ಸಿಕ್ಕರೂ ಕೋಟಿ ಸಿಕ್ಕಂತೆ ಎನ್ನುವ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿವೆ. ಮೈಸೂರಿನಲ್ಲಿ ಚೀಟಿ ಕೂಡಿಸುವ ಹುಡುಗರು ಆನ್‌ಲೈನಿನಲ್ಲಿ ‘ರೇರ್’ ಎಂದು ಬರೆದದ್ದನ್ನೆಲ್ಲ ನಂಬಿ ಸಾವಿರಗಟ್ಟಲೆ ಸುರಿಯುವ ಮೊದಲು ಕೆಲವು ಸಂಗತಿ ತಿಳಿದಿರಲಿ ಎಂದು ಈ ಪತ್ರ.

ಹರಾಜಾದ ಆ ಚೀಟಿಯ ಹೆಸರು ‘ಝಡ್ ಗ್ರಿಲ್’, ಕಾಗದದಲ್ಲಿ ಒತ್ತಿದ ಮುಳ್ಳಿನ ಗುರುತಿನಿಂದ ಬಂದದ್ದು. 1868ರದ್ದು. ಲೋಕದಲ್ಲಿ ಗೊತ್ತಿರುವುದು ಎರಡೇ ಎರಡು. ಒಂದು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಆಸ್ತಿ, ಇನ್ನೊಂದು 2024ರಲ್ಲಿ ಹರಾಜಾದದ್ದು. ಅದರ ಬಣ್ಣ ನೀಲಿ. ಒಂದು ಸೆಂಟ್ ಫ್ರಾಂಕ್ಲಿನ್ ಹಸಿರಿಗೆ ತಿರುಗಿದ್ದು 1898ರಲ್ಲಿ. ಹಾಗಾಗಿ ಹಸಿರು ಫ್ರಾಂಕ್ಲಿನ್ ಹಿಡಿದುಕೊಂಡು ಝಡ್ ಗ್ರಿಲ್ ಎನ್ನುವವರ ಜೊತೆ ಅಳತೆಪಟ್ಟಿ ಹಿಡಿದು ವಾದ ಮಾಡುವ ಅಗತ್ಯವೇ ಇಲ್ಲ.

19ನೇ ಶತಮಾನದ ಅಮೆರಿಕದ ಚೀಟಿಗಳಲ್ಲಿ ಒಂದೇ ಮುಖ, ಒಂದೇ ಬೆಲೆ, ಹೆಚ್ಚುಕಡಿಮೆ ಒಂದೇ ಬಣ್ಣ ವರ್ಷಗಟ್ಟಲೆ ನಡೆದುಬಂತು. ನೂರಾರು ರೂಪಾಯಿಯ ಚೀಟಿಗೂ ಲಕ್ಷದ ಚೀಟಿಗೂ ಇರುವ ವ್ಯತ್ಯಾಸ ಕಾಗದದಲ್ಲಿ, ಅಂಚಿನ ಹಲ್ಲಿನಲ್ಲಿ, ಬೆನ್ನಿನ ಗುರುತಿನಲ್ಲಿ ಅಡಗಿರುತ್ತದೆ. ಮಾರುವವರು ತೋರಿಸುವುದು ಮಾತ್ರ ಮುಖವನ್ನೇ.

ಗ್ರಿಲ್ ಎಂದರೇನೆಂದು ಹೇಳಿಬಿಡುತ್ತೇನೆ, ಮೋಸ ಹೆಚ್ಚು ನಡೆಯುವುದು ಅಲ್ಲೇ. ಜನ ಮುದ್ರೆ ತೊಳೆದು ಚೀಟಿಯನ್ನು ಎರಡನೇ ಸಲ ಅಂಟಿಸುತ್ತಾರೆ ಎಂಬ ಭಯ ಅಲ್ಲಿನ ಅಂಚೆ ಇಲಾಖೆಗಿತ್ತು. ಅದಕ್ಕೆ ಚಾರ್ಲ್ಸ್ ಸ್ಟೀಲ್ ಎಂಬಾತ ಒಂದು ಉಪಾಯ ಹೂಡಿ ಪೇಟೆಂಟ್ ಪಡೆದ. ಸಾಲುಸಾಲಾಗಿ ಸಣ್ಣ ಮುಳ್ಳುಗಳಿರುವ ಉರುಳೆಯಿಂದ ಚೀಟಿಯನ್ನು ಒತ್ತಿದರೆ ಕಾಗದದ ನಾರು ಒಡೆಯುತ್ತದೆ, ಮುದ್ರೆಯ ಮಸಿ ಒಳಕ್ಕೆ ಇಳಿಯುತ್ತದೆ, ತೊಳೆದರೆ ಹೋಗುವುದಿಲ್ಲ. 1867ರಿಂದ ಕೆಲವೇ ವರ್ಷ ಇದು ನಡೆಯಿತು. ಮುಳ್ಳಿನ ಗುರುತಿರುವ ಆ ಚೌಕವೇ ಗ್ರಿಲ್. ಸಂಗ್ರಾಹಕರು ಅದರ ಅಳತೆ ನೋಡಿ ಅಕ್ಷರದ ಹೆಸರು ಕೊಟ್ಟಿದ್ದಾರೆ. ಇ ಗ್ರಿಲ್ ಸುಮಾರು 11 ಮಿಲಿಮೀಟರ್ ಅಗಲ, 13 ಎತ್ತರ. ಎಫ್ ಗ್ರಿಲ್ 9ಕ್ಕೆ 13. ಝಡ್ 11ಕ್ಕೆ 14. 1869ರ ಚಿತ್ರದ ಚೀಟಿಗಳ ಮೇಲಿನ ಜಿ ಗ್ರಿಲ್ ಸಣ್ಣದು, 9½ಕ್ಕೆ 9. ಇ ಮತ್ತು ಝಡ್ ನಡುವೆ ಒಂದೇ ಮಿಲಿಮೀಟರ್ ಅಂತರ, ಅದೂ ಮಾಸಿದ ಗುರುತಿನಲ್ಲಿ. ಆದ್ದರಿಂದ ಅಳತೆಯೊಂದನ್ನೇ ನೆಚ್ಚಬಾರದು. ಝಡ್ ಗ್ರಿಲ್‌ನ ಮುಳ್ಳಿನ ತುದಿಯಲ್ಲಿ ಗೆರೆ ಅಡ್ಡಕ್ಕೆ ಇರುತ್ತದೆ, ಇ ಮತ್ತು ಎಫ್‌ನಲ್ಲಿ ಉದ್ದಕ್ಕೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಲ್ಲದೆ ಇದು ಕಾಣದು.

ನೋಡುವ ವಿಧಾನ ಇಷ್ಟು. ಚೀಟಿಯನ್ನು ಕಪ್ಪು ರಟ್ಟಿನ ಮೇಲೆ ಬೋರಲು ಹಾಕಿ, ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಮೇಜಿನ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ಗುರುತು ನೆರಳಾಗಿ ಏಳುತ್ತದೆ. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣದು. ನಕಲಿ ಗ್ರಿಲ್ ಅನ್ನು ಬಳಸಿದ ಚೀಟಿಯ ಮೇಲೆ ಆಮೇಲೆ ಒತ್ತಿರುತ್ತಾರೆ. ಆಗ ಮುಳ್ಳು ಅಂಚೆಮುದ್ರೆಯ ಮಸಿಯನ್ನೇ ಸೀಳಿಕೊಂಡು ಹೋಗಿರುತ್ತದೆ, ಸೀಳಿನೊಳಗೆ ಬಿಳಿ ಕಾಗದ ಇಣುಕುತ್ತದೆ. ಅಸಲಿಯಲ್ಲಿ ಮುಳ್ಳು ಮೊದಲು, ಮಸಿ ಆಮೇಲೆ. ಹಾಗಾಗಿ ಮಸಿ ಗುಳಿಯೊಳಕ್ಕೆ ಇಳಿದಿರುತ್ತದೆ.

ಇನ್ನು ಹಲ್ಲು. ಅಮೆರಿಕದ ಮೊದಲ ಚೀಟಿಗಳು 1847ರ ಜುಲೈ 1ಕ್ಕೆ ಬಂದವು, 5 ಸೆಂಟ್ ಫ್ರಾಂಕ್ಲಿನ್, 10 ಸೆಂಟ್ ವಾಷಿಂಗ್ಟನ್. ಹಲ್ಲಿಲ್ಲ, ಕತ್ತರಿಯಲ್ಲಿ ಕತ್ತರಿಸಿ ಮಾರುತ್ತಿದ್ದರು. 1851ರ ಸರಣಿಗೂ ಶುರುವಿನಲ್ಲಿ ಹಲ್ಲಿರಲಿಲ್ಲ. 1857ರಲ್ಲಿ ರಂಧ್ರ ಹೊಡೆಯುವುದು ಶುರುವಾಯಿತು, 2 ಸೆಂಟಿಮೀಟರಿಗೆ ಹದಿನೈದೂವರೆ. 1861ರ ಸರಣಿಯಿಂದ ಅದು 12ಕ್ಕೆ ಇಳಿಯಿತು. 1857ರ ಚೀಟಿಗಳಲ್ಲಿ ಹಲ್ಲು ಚಿತ್ರವನ್ನೇ ಕಚ್ಚಿರುವುದೇಕೆ ಎಂದು ಹಲವರು ಕೇಳುತ್ತಾರೆ. ಅಚ್ಚಿನ ಫಲಕಗಳನ್ನು ತಯಾರಿಸಿದ್ದು ಕತ್ತರಿಯ ಕಾಲಕ್ಕೆ, ಎರಡು ಚೀಟಿಗಳ ನಡುವೆ ರಂಧ್ರ ಕೂರಲು ಜಾಗವೇ ಇರಲಿಲ್ಲ. ಆದ್ದರಿಂದ ನಾಲ್ಕೂ ಕಡೆ ಬಿಳಿ ಅಂಚು ಉಳಿದ 1857ರ ಚೀಟಿಗೆ ಬೆಲೆ ಹೆಚ್ಚು, ಅದು ನ್ಯಾಯವೇ. ಚಿತ್ರ ಒಂದು ಕಡೆಗೆ ಸರಿದು ನಡು ತಪ್ಪಿದ ಚೀಟಿಯನ್ನು ‘ದೋಷವಿರುವುದರಿಂದ ರೇರ್’ ಎಂದು ಮಾರಿದರೆ ಅದು ಮೋಸ.

ಹಲ್ಲಿರುವ ಚೀಟಿಯ ಅಂಚು ಕತ್ತರಿಸಿ ಹಲ್ಲಿಲ್ಲದ ಚೀಟಿ ಮಾಡುವುದು ಇನ್ನೊಂದು ಹಳೇ ಕೈಚಳಕ. 3 ಸೆಂಟ್ ಕೆಂಪು ವಾಷಿಂಗ್ಟನ್‌ನಲ್ಲಿ ಇದನ್ನು ಹಿಡಿಯುವುದು ಸುಲಭ. 1851ರ ಹಲ್ಲಿಲ್ಲದ ಚೀಟಿಗೆ ನಾಲ್ಕೂ ಕಡೆ ಹೊರಗೆರೆ ಇರುತ್ತದೆ. 1857ರ ನಂತರ ಹೇರಳವಾಗಿ ಅಚ್ಚಾದ ಬಗೆಯಲ್ಲಿ ಮೇಲಿನ ಮತ್ತು ಕೆಳಗಿನ ಹೊರಗೆರೆ ತೆಗೆದುಹಾಕಿದ್ದರು. ಹಲ್ಲೂ ಇಲ್ಲ, ಮೇಲೆ ಕೆಳಗೆ ಗೆರೆಯೂ ಇಲ್ಲ ಎಂದರೆ ಕತ್ತರಿ ಆಡಿದೆ ಎಂದೇ ತಿಳಿಯಿರಿ. ಒಂದು ಸೆಂಟ್ ನೀಲಿಯಲ್ಲಿ ಮಾತ್ರ ಇದು ತಲೆನೋವು. ಚಿತ್ರದ ಕೆಳಗಿನ ಅಲಂಕಾರದ ಸುರುಳಿ, ಗುಂಡು ಎಷ್ಟು ಪೂರ್ತಿ ಉಳಿದಿದೆ ಎಂಬುದರ ಮೇಲೆ ಅದರಲ್ಲಿ ಬಗೆಗಳಿವೆ. ಹಲ್ಲಿಲ್ಲದ ಮೊದಲ ಬಗೆ ಬಂದದ್ದು ಮೊದಲನೇ ಫಲಕದ ಆರಂಭದ ಸ್ಥಿತಿಯಲ್ಲಿ, ಬಲಭಾಗದ ಏಳನೇ ಚೀಟಿಯ ಒಂದೇ ಒಂದು ಜಾಗದಿಂದ. ಅಂಥದ್ದು ಅಗ್ಗಕ್ಕೆ ಸಿಗುತ್ತದೆ ಎಂದರೆ ಸಿಗುತ್ತಿರುವುದು ಅದಲ್ಲ.

ಹಲ್ಲು ಎಣಿಸುವ ಗೇಜನ್ನು ಇಂಟರ್‌ನೆಟ್ಟಿನಿಂದ ಇಳಿಸಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವವರು ಮೊದಲು ಅದರ ಮೇಲಿನ 2 ಸೆಂಟಿಮೀಟರನ್ನು ಸ್ಕೇಲಿನಿಂದ ಅಳೆದು ನೋಡಿ. ಪ್ರಿಂಟರ್ ಕಾಗದಕ್ಕೆ ಹೊಂದಿಸಲು ಚಿತ್ರವನ್ನು ಕುಗ್ಗಿಸಿದರೆ 12 ಇದ್ದದ್ದು ಹನ್ನೊಂದೂವರೆಯಂತೆ ಓದಿಸುತ್ತದೆ, ಇಲ್ಲದ ಅಪರೂಪ ಹುಟ್ಟಿಕೊಳ್ಳುತ್ತದೆ.

1847ರ 5 ಸೆಂಟ್‌ಗೂ ಒಂದು ಮಾತು. 1875ರಲ್ಲಿ ಸರ್ಕಾರವೇ ಅದರ ಪ್ರತಿರೂಪ ಅಚ್ಚು ಹಾಕಿತು. ಅಸಲಿಯಲ್ಲಿ ಫ್ರಾಂಕ್ಲಿನ್ ಅಂಗಿಯ ಬಿಳಿ ನೆರಿಗೆಯ ಎಡತುದಿ ಅಂಡಾಕಾರದ ಗೆರೆಯನ್ನು ಮುಟ್ಟುವ ಜಾಗ, ಕೆಳಗಿನ ‘ಫೈವ್’ ಎಂಬ ಪದದ ಮೊದಲ ಅಕ್ಷರದ ತಲೆಯ ಮಟ್ಟದಲ್ಲಿರುತ್ತದೆ. ಪ್ರತಿರೂಪದಲ್ಲಿ ಅದು 5 ಅಂಕಿಯ ತಲೆಯ ಮಟ್ಟದಲ್ಲಿರುತ್ತದೆ.

1870ರಿಂದ 1880ರ ದಶಕದವರೆಗಿನವನ್ನು ‘ಬ್ಯಾಂಕ್ ನೋಟ್’ ಚೀಟಿಗಳು ಎನ್ನುತ್ತಾರೆ. ನ್ಯಾಷನಲ್, ಕಾಂಟಿನೆಂಟಲ್, ಅಮೆರಿಕನ್ ಎಂಬ ಮೂರು ನೋಟು ಅಚ್ಚಿನ ಕಂಪನಿಗಳು ಒಂದರ ಹಿಂದೊಂದು ಅವೇ ಚಿತ್ರ ಅಚ್ಚು ಹಾಕಿದವು. 1873ರಲ್ಲಿ ಕಾಂಟಿನೆಂಟಲ್ ಕೈಗೆ ಬಂದಾಗ ಹಲವು ಬೆಲೆಗಳಲ್ಲಿ ಗುಟ್ಟಿನ ಗುರುತು ಸೇರಿತು. 1 ಸೆಂಟ್‌ನಲ್ಲಿ ಅಂಕಿಯ ಎಡಕ್ಕಿರುವ ಮುತ್ತಿನೊಳಗೆ ಸಣ್ಣ ಅರ್ಧಚಂದ್ರ, 3 ಸೆಂಟ್‌ನಲ್ಲಿ ಎಡ ರಿಬ್ಬನ್ನಿನ ಬಾಲದ ಕೆಳಗೆ ದಟ್ಟ ನೆರಳು. 1879ರ ಅಮೆರಿಕನ್ ಕಂಪನಿಯದನ್ನು ಕಾಗದದಿಂದಲೇ ಗುರುತಿಸಬೇಕು. ಬೆಳಕಿಗೆ ಹಿಡಿದರೆ ಮೆತ್ತನೆಯ ಕಾಗದ ಮೋಡ ಕವಿದ ಹಾಗೆ ಕಾಣುತ್ತದೆ, ಹಿಂದಿನ ಗಟ್ಟಿ ಕಾಗದ ಒಂದೇ ಸಮ ಕಾಣುತ್ತದೆ. ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೀಟಿ ಸದ್ದು ಕೇಳುವ ಅಭ್ಯಾಸ ಕೆಲವರಿಗಿದೆ. ಸದ್ದು ಕೇಳುವ ಮೊದಲೇ ಹಲ್ಲು ಮುರಿಯುವುದುಂಟು, ಬೇಡ. 1894ರ ಮತ್ತು 1895ರ ಚೀಟಿಗಳ ವ್ಯತ್ಯಾಸ ಕಾಗದದೊಳಗೆ ಅಡಗಿರುವ ನೀರುಗುರುತು, ಅದಕ್ಕೆ ವಾಟರ್‌ಮಾರ್ಕ್ ದ್ರವ ಬೇಕು. ಪೆಟ್ರೋಲ್ ಹಾಕಿ ನೋಡುವವರಿದ್ದಾರೆ. ಚೀಟಿಯ ಜೊತೆ ಮನೆಯೂ ಹೋದೀತು. ವಾಟರ್‌ಮಾರ್ಕ್ ದ್ರವ ಬೆನ್ನಿನ ಗುಟ್ಟನ್ನೂ ಬಿಟ್ಟುಕೊಡುತ್ತದೆ. ಕಾಗದ ತೆಳುವಾದ ಜಾಗ ಕಪ್ಪು ಚುಕ್ಕೆಯಾಗಿ, ಇಸ್ತ್ರಿ ಮಾಡಿ ಮುಚ್ಚಿದ ಮಡಿಕೆ ಕಪ್ಪು ಗೆರೆಯಾಗಿ ಕಾಣುತ್ತದೆ.

ಬಳಸಿದ ಚೀಟಿ ಎಂದಮೇಲೆ ಮುದ್ರೆಯೇ ಅರ್ಧ ಚೀಟಿ. ಮೊದಲ ದಶಕಗಳಲ್ಲಿ ಅನೇಕ ಪೋಸ್ಟ್‌ಮಾಸ್ಟರ್‌ಗಳು ಪೆನ್ನಿನಿಂದ ಗೀಚಿ ರದ್ದು ಮಾಡುತ್ತಿದ್ದರು. ಅಂಥವಕ್ಕೆ ಬೆಲೆ ಕಡಿಮೆ. ಅದಕ್ಕೇ ಆ ಗೀಚನ್ನು ರಾಸಾಯನಿಕದಿಂದ ತೆಗೆದು ಮೇಲೊಂದು ಕೆಂಪು ಮುದ್ರೆ ಒತ್ತುತ್ತಾರೆ. ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ಯುವಿ ಟಾರ್ಚ್ ಇದೆಯಲ್ಲ, ಅದನ್ನು ಕತ್ತಲಲ್ಲಿ ಬಿಟ್ಟರೆ ಅಳಿಸಿದ ಗೀಚು ಅನೇಕ ಸಲ ಮತ್ತೆ ಎದ್ದು ಕಾಣುತ್ತದೆ. ತಾರೀಖನ್ನೂ ಓದಿ. 1847ರ ಚೀಟಿಗಳು 1851ರ ಜುಲೈ 1ರಿಂದ ಚಲಾವಣೆಯಲ್ಲಿರಲಿಲ್ಲ. ಅಂತರ್ಯುದ್ಧ ಶುರುವಾದ ಮೇಲೆ, ಬಂಡೆದ್ದ ದಕ್ಷಿಣ ರಾಜ್ಯಗಳ ಅಂಚೆ ಕಚೇರಿಗಳಲ್ಲಿ ಉಳಿದ ದಾಸ್ತಾನು ಕಾಸಿಗೂ ಬಾರದಿರಲಿ ಎಂದು ಅದಕ್ಕೂ ಹಿಂದಿನ ಚೀಟಿಗಳನ್ನೆಲ್ಲ 1861ರಲ್ಲಿ ಚಲಾವಣೆಯಿಂದ ತೆಗೆದರು. 1857ರ ಚೀಟಿಯ ಮೇಲೆ 1866ರ ಮುದ್ರೆ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಕನೆಕ್ಟಿಕಟ್‌ನ ವಾಟರ್‌ಬರಿಯಲ್ಲಿ ಜಾನ್ ಹಿಲ್ ಎಂಬ ಅಂಚೆ ನೌಕರ ಬಿರಡೆ ಕೆತ್ತಿ ಬಗೆಬಗೆಯ ಚಿತ್ರದ ಮುದ್ರೆ ಮಾಡುತ್ತಿದ್ದ. ಅವನ ‘ಓಡುವ ಕೋಳಿ’ ಬಲು ಪ್ರಸಿದ್ಧ, ಆದ್ದರಿಂದ ಅಂಥ ಮುದ್ರೆಗಳ ನಕಲಿಯೂ ಹೇರಳ.

ಲಕೋಟೆಯ ತುಂಡಿನ ಮೇಲಿನ ಚೀಟಿಯನ್ನು ಬಿಡಿಸಲು ಉಗುರುಬೆಚ್ಚಗಿನ ನೀರು ಸಾಕು. ಬೋರ್‌ವೆಲ್ ನೀರಾದರೆ ಉಪ್ಪು ಬೆನ್ನಿನ ಮೇಲೆ ಬೆಳ್ಳಗೆ ಕೂರುತ್ತದೆ, ಫಿಲ್ಟರ್ ನೀರು ಬಳಸಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಚೀಟಿ ತಾನಾಗಿ ಜಾರುತ್ತದೆ. ಜಾರದಿದ್ದರೆ ಇನ್ನಷ್ಟು ಹೊತ್ತು ಬಿಡಿ, ಎಳೆಯಬೇಡಿ. ಎಳೆದಲ್ಲೇ ಕಾಗದ ತೆಳುವಾಗುವುದು. ಇನ್ನೊಂದು ಬಟ್ಟಲಲ್ಲಿ ಜಾಲಾಡಿ ಹಳೇ ಗೋಂದು ಪೂರ್ತಿ ಬಿಡಿಸಿ, ಒತ್ತುಕಾಗದದ ಮೇಲೆ ಬೋರಲು ಒಣಗಿಸಿ, ಆಮೇಲೆ ಪುಸ್ತಕದಡಿ ಒಂದು ರಾತ್ರಿ ಇಡಿ. ಗ್ರಿಲ್ ಇರುವುದನ್ನು ಮಾತ್ರ ಭಾರದಡಿ ಇಡಬಾರದು, ಗುರುತು ಚಪ್ಪಟೆಯಾಗಿ ಚೀಟಿಯ ಬೆಲೆಯೂ ಚಪ್ಪಟೆಯಾಗುತ್ತದೆ. ಬಣ್ಣದ ಲಕೋಟೆಯ ತುಂಡು, ನೇರಳೆ ಮುದ್ರೆ, ಪೆನ್ನಿನ ಗೀಚು ಇರುವುದನ್ನು ನೀರಿಗೆ ಹಾಕಲೇಬೇಡಿ. ಇಡೀ ಲಕೋಟೆ ಸಿಕ್ಕರಂತೂ ಮುಟ್ಟದೆ ಹಾಗೇ ಇಡಿ. ಭಾರತದ ಅಂಚೆ 1876ರ ಜುಲೈ 1ಕ್ಕೆ ಅಂತರರಾಷ್ಟ್ರೀಯ ಅಂಚೆ ಒಕ್ಕೂಟ ಸೇರಿತು. ಅದಕ್ಕೂ ಮೊದಲು ಅಮೆರಿಕದಿಂದ ಇಲ್ಲಿನ ಮಿಷನರಿಗಳಿಗೆ ಬಂದ ಲಕೋಟೆಯಾದರೆ, ಹಿಂದೆ ಮುಂದೆ ಬಿದ್ದಿರುವ ಮುದ್ರೆಗಳಲ್ಲೇ ಅದು ಬಂದ ದಾರಿಯ ಕತೆಯಿರುತ್ತದೆ. ಚೀಟಿ ಕಿತ್ತರೆ ಆ ಕತೆ ಹೋಯಿತು.

ಮೈಸೂರಿನ ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವ ಚೀಟಿಗೆ ಹಗೆ. ಆಲ್ಬಮನ್ನು ಮಲಗಿಸದೆ ನಿಲ್ಲಿಸಿ, ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಬೇಡ. ಸಿಲಿಕಾ ಜೆಲ್ ಪೊಟ್ಟಣ ಬಣ್ಣ ಬದಲಾಯಿಸಿದಾಗ ಬಿಸಿಮಾಡಿ ಮತ್ತೆ ಇಡಿ. ನುಸಿಗುಳಿಗೆ ಆಲ್ಬಮ್ಮಿನೊಳಗೆ ಬೇಡ. ಫೋಟೋ ಅಂಟಿಸುವ ಜಿಗುಟು ಹಾಳೆಯ ಆಲ್ಬಮ್, ಸೆಲ್ಲೋಟೇಪು ಎರಡೂ ಬೇಡ. ತುಕ್ಕಿನ ಬಣ್ಣದ ಚುಕ್ಕೆ ಬಿದ್ದ ಚೀಟಿಯನ್ನು ಉಳಿದವುಗಳಿಂದ ಬೇರೆ ಇಡಿ, ಅದು ಹರಡುತ್ತದೆ.

ಶುರು ಮಾಡುವವರು 3 ಸೆಂಟ್ ಹಸಿರು ವಾಷಿಂಗ್ಟನ್, 1861ರ 3 ಸೆಂಟ್ ಗುಲಾಬಿ, 1869ರ ರೈಲು ಎಂಜಿನ್ನಿನ 3 ಸೆಂಟ್, ಅಂಚೆ ದರ 3ರಿಂದ 2 ಸೆಂಟ್‌ಗೆ ಇಳಿದ 1883ರ ಕಂದುಗೆಂಪು, 1893ರ ಕೊಲಂಬಸ್ ಸರಣಿಯ 2 ಸೆಂಟ್ ಇಂಥವನ್ನು ಕೊಳ್ಳಲಿ. ಕೊಲಂಬಸ್ 2 ಸೆಂಟ್ ನೂರು ಕೋಟಿಗೂ ಹೆಚ್ಚು ಅಚ್ಚಾದದ್ದು. ಅದನ್ನು ತರಿಸುವ ಅಂಚೆ ವೆಚ್ಚ ಚೀಟಿಯ ಬೆಲೆಗಿಂತ ಹೆಚ್ಚಾಗುತ್ತದೆ. ಹತ್ತಾರು ಅಗ್ಗದ ಚೀಟಿಗಳನ್ನು ಅಳೆದು, ನೆನೆಸಿ, ಬೆಳಕಿಗೆ ಹಿಡಿದು ಕಣ್ಣು ಪಳಗಿದ ಮೇಲೆ ದೊಡ್ಡದಕ್ಕೆ ಕೈ ಹಾಕಬಹುದು. ಚೀಟಿಗಳ ಬೆಲೆ ಪಟ್ಟಿ ಮಾಡುವ ಸ್ಕಾಟ್ ಕ್ಯಾಟಲಾಗಿನ ಬೆಲೆ ನಡು ಸರಿಯಿರುವ, ದೋಷವಿಲ್ಲದ ಚೀಟಿಯದ್ದು. ಹಲ್ಲು ಮುರಿದದ್ದಕ್ಕೆ ಅದನ್ನೇ ತೋರಿಸಿ ‘ಅರ್ಧ ಬೆಲೆ’ ಎಂದರೆ ಅದೂ ದುಬಾರಿಯೇ.

ದೊಡ್ಡ ಮೊತ್ತಕ್ಕೆ ಆನ್‌ಲೈನಿನಲ್ಲಿ ಕೊಳ್ಳುವಾಗ ಮುಖ ಮತ್ತು ಬೆನ್ನು ಎರಡರ 600 ಡಿಪಿಐ ಸ್ಕ್ಯಾನನ್ನು, ಕಪ್ಪು ಹಿನ್ನೆಲೆಯಲ್ಲಿ, ಕೇಳಿ ಪಡೆಯಿರಿ. ನ್ಯೂಯಾರ್ಕ್‌ನ ಫಿಲಾಟೆಲಿಕ್ ಫೌಂಡೇಶನ್, ಅಮೆರಿಕನ್ ಫಿಲಾಟೆಲಿಕ್ ಸೊಸೈಟಿ ಇಂಥವು ಚೀಟಿ ಪರೀಕ್ಷಿಸಿ ಫೋಟೋ ಇರುವ ಪ್ರಮಾಣಪತ್ರ ಕೊಡುತ್ತವೆ. ಪತ್ರದ ಫೋಟೋದಲ್ಲಿ ಮುದ್ರೆ ಬಿದ್ದ ಜಾಗವೂ ಪ್ರತಿ ಹಲ್ಲಿನ ಉದ್ದವೂ ಕೈಯಲ್ಲಿರುವ ಚೀಟಿಗೆ ತಾಳೆಯಾಗಬೇಕು. ಒಂದು ಚೀಟಿಯ ಪತ್ರದೊಡನೆ ಇನ್ನೊಂದು ಚೀಟಿ ದಾಟಿಸುವುದೂ ನಡೆಯುತ್ತದೆ. ಪತ್ರವಿಲ್ಲದಿದ್ದರೆ, ಪರೀಕ್ಷೆಯಲ್ಲಿ ಬಿದ್ದರೆ ಹಣ ವಾಪಸು ಎಂದು ಮೊದಲೇ ಬರೆಸಿಕೊಳ್ಳಿ.

ತಮ್ಮಲ್ಲೂ ಒಂದು ವಿನಂತಿ. ಇಂಥ ಹರಾಜಿನ ಸುದ್ದಿ ಹಾಕುವಾಗ ಚೀಟಿಯ ಮುಖದ ಪಕ್ಕದಲ್ಲಿ ಅದರ ಬೆನ್ನಿನ ಚಿತ್ರವನ್ನೂ, ಒಂದು ಮಿಲಿಮೀಟರ್ ಪಟ್ಟಿಯನ್ನೂ ಅಚ್ಚು ಹಾಕಿದರೆ ಓದುಗರು ಮನೆಯಲ್ಲೇ ಹೋಲಿಸಿ ನೋಡಬಹುದು.

ಇಂತಿ,
ಅಂಚೆಚೀಟಿ ಸಂಗ್ರಾಹಕ,
ಸರಸ್ವತಿಪುರಂ, ಮೈಸೂರು