ಮಗಳಿಗೊಂದು ಪತ್ರ: ಆ ಡ್ರೆಸ್ಸಿನ ಬೆನ್ನು ನೋಡಿದೆಯಾ?

ಪುಟ್ಟಿ,

ನಿನ್ನೆ ರಾತ್ರಿ ತಟ್ಟೆ ಸರಿಸಿ ಎದ್ದು ಹೋದೆಯಲ್ಲ, ಆಗಲೇ ಮಾತಾಡಬೇಕು ಅಂದುಕೊಂಡೆ. ಆದರೆ ನಾವಿಬ್ಬರೂ ಬಾಯಿ ಬಿಟ್ಟರೆ ಜಗಳವೇ ಆಗುವುದು, ನಿನಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಹರಿದು ಹಾಕಿದರೂ ಪರವಾಗಿಲ್ಲ, ಪೂರ್ತಿ ಓದು ಅಷ್ಟೇ.

"ಮೂರು ವಾರದಲ್ಲಿ ಅವಳ ಕೈಲಿ ಆಗುತ್ತೆ ಅಂದ್ರೆ ನನ್ನ ಕೈಲಿ ಯಾಕಾಗಲ್ಲ?" ಅಂತ ಕೇಳಿದೆ. ಯಾರ ವಿಷಯ ಅಂತ ನನಗೆ ಹೊಳೆಯಲೇ ಇಲ್ಲ. ಆಮೇಲೆ ಕೂತು ಹುಡುಕಿ ಓದಿದೆ. 2022ರ ಮೆಟ್ ಗಾಲಾಗೆ, ಅಂದರೆ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿ ನಡೆಯುವ ಫ್ಯಾಷನ್ ಔತಣಕ್ಕೆ, ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ಹಾಕಿಕೊಂಡು ಬಂದ ಡ್ರೆಸ್ಸು, ಅಲ್ವಾ? ಹಳೇ ಹಾಲಿವುಡ್ ನಟಿ ಮರ್ಲಿನ್ ಮನ್ರೋದು. ಅದನ್ನು ಹಾಕಲು ಮೂರು ವಾರದಲ್ಲಿ 16 ಪೌಂಡ್, ಅಂದರೆ ಸುಮಾರು 7 ಕೆಜಿ ಇಳಿಸಿದೆ ಅಂತ ಅವರೇ ಹೇಳಿದರು. ನಿನಗೆ ತಲುಪಿದ್ದು ಅಷ್ಟು ಮಾತು. ಮಿಕ್ಕಿದ್ದು ಕೇಳು.

1962ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಹುಟ್ಟುಹಬ್ಬಕ್ಕೆ ಹಾಡಲು ಮರ್ಲಿನ್ ಹಾಕಿಕೊಂಡ ಡ್ರೆಸ್ಸು ಅದು. ಎಷ್ಟು ಬಿಗಿ ಅಂದರೆ ಅವಳ ಮೈಮೇಲೇ ಇಟ್ಟು ಹೊಲಿದಿದ್ದರಂತೆ. ಅಂದರೆ ಅವಳ ಅಳತೆಗೆ ಬಟ್ಟೆ ಮಾಡಿದರು. ಅರವತ್ತು ವರ್ಷದ ಮೇಲೆ ಆ ಬಟ್ಟೆಯ ಅಳತೆಗೆ ಇನ್ನೊಬ್ಬಳು ತನ್ನ ಮೈಯನ್ನು ಮಾಡಿಕೊಂಡಳು! ಅಷ್ಟು ಮಾಡಿಯೂ ಹಿಂದುಗಡೆ ಅದು ಪೂರ್ತಿ ಮುಚ್ಚಲಿಲ್ಲ. ದಾರದಿಂದ ಕಟ್ಟಿ, ಮೇಲೊಂದು ಬಿಳಿ ತುಪ್ಪಳದ ಶಾಲು ಇಳಿಬಿಟ್ಟು, ಮೆಟ್ಟಿಲು ಹತ್ತುವಷ್ಟು ಹೊತ್ತು ಮಾತ್ರ ಹಾಕಿಕೊಂಡರು. ಆಮೇಲೆ ಅದೇ ಥರ ಹೊಲಿಸಿದ್ದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಮೂಲ ಡ್ರೆಸ್ಸು 2016ರ ಹರಾಜಿನಲ್ಲಿ 48 ಲಕ್ಷ ಡಾಲರಿಗೆ ಹೋಗಿತ್ತು, ಅದನ್ನು ಹಾಕಿಕೊಂಡು ಯಾರು ತಾನೇ ಊಟಕ್ಕೆ ಕೂರುತ್ತಾರೆ ಹೇಳು. ನೀನು ನೋಡಿದ ಫೋಟೋ ಮಾತ್ರ ಮುಂದಿನಿಂದ ತೆಗೆದದ್ದು.

ಈ ತಾರೆಯರ ಲೋಕದಲ್ಲಿ ಸುಮಾರು ಎಲ್ಲವೂ ಹೀಗೇ, ಮುಂದಿನಿಂದ ನೋಡುವುದಕ್ಕೆ ಅಂತಲೇ ಮಾಡಿದ್ದು. ರೆಡ್ ಕಾರ್ಪೆಟ್ ಮೇಲೆ ಬರುವ ಬಟ್ಟೆ, ಒಡವೆ ಬಹಳಷ್ಟು ಸಲ ಎರವಲು. ಸ್ಟೈಲಿಸ್ಟ್ ತರುತ್ತಾರೆ, ಮುಗಿದ ಮೇಲೆ ವಾಪಸ್ ಕಳಿಸುತ್ತಾರೆ. ಫೋಟೋ ಶೂಟ್‌ಗೆ ಬಟ್ಟೆ ದೊಡ್ಡದಾದರೆ ಬೆನ್ನಿಗೆ ಸಾಲಾಗಿ ಕ್ಲಿಪ್ಪು ಹಾಕಿ ಬಿಗಿ ಮಾಡುತ್ತಾರೆ. ಒಂದು ಮುಖದ ಹಿಂದೆ ಮೇಕಪ್ಪಿನವರು, ಕೂದಲಿನವರು, ಲೈಟಿನವರು, ಆಮೇಲೆ ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುವವರು, ಯಾವ ಫೋಟೋ ಯಾವಾಗ ಹೊರಗೆ ಬರಬೇಕು ಅಂತ ಲೆಕ್ಕ ಹಾಕುವವರು, ಇಷ್ಟು ಜನ ಸಂಬಳಕ್ಕೆ ದುಡಿಯುತ್ತಾರೆ, ಮತ್ತೆ ನೀನೊಬ್ಬಳೇ ಬಾತ್‌ರೂಮಿನ ಕನ್ನಡಿ ಮುಂದೆ ನಿಂತು ಅದರ ಜೊತೆ ಪೈಪೋಟಿಗೆ ಇಳಿಯುತ್ತೀಯ. ನನಗೆ ಸಿಟ್ಟು ಬರುವುದು ನಿನ್ನ ಮೇಲಲ್ಲ ಪುಟ್ಟಿ, ಈ ಲೆಕ್ಕದ ಮೇಲೆ.

ಇದೆಲ್ಲ ಫೋನು ಬಂದ ಮೇಲೆ ಶುರುವಾದದ್ದು ಅಂತ ನಾನೂ ನಂಬಿದ್ದೆ. ಅಲ್ಲವೇ ಅಲ್ಲ. ಸಿನಿಮಾ ಶುರುವಾದ ಕಾಲದಲ್ಲಿ ಅಮೆರಿಕದ ಕಂಪನಿಗಳು ನಟರ ಹೆಸರನ್ನೇ ಹಾಕುತ್ತಿರಲಿಲ್ಲ. ಹೆಸರು ಬಂದರೆ ಸಂಬಳ ಜಾಸ್ತಿ ಕೇಳುತ್ತಾರೆ ಅನ್ನುವ ಭಯ. ಫ್ಲಾರೆನ್ಸ್ ಲಾರೆನ್ಸ್ ಅಂತ ಒಬ್ಬಳಿದ್ದಳು, ಜನ ಅವಳನ್ನು ಕಂಪನಿಯ ಹೆಸರಿನಿಂದ "ಬಯೋಗ್ರಾಫ್ ಹುಡುಗಿ" ಅನ್ನುತ್ತಿದ್ದರು. ಕಾರ್ಲ್ ಲೆಮ್ಲೆ ಅನ್ನುವ ನಿರ್ಮಾಪಕ ಅವಳನ್ನು ತನ್ನ ಕಂಪನಿಗೆ ಸೆಳೆದುಕೊಂಡ. 1910ರಲ್ಲಿ ಅವಳು ಟ್ರಾಮಿಗೆ ಸಿಕ್ಕಿ ಸತ್ತಳು ಅಂತ ಸುದ್ದಿ ಹಬ್ಬಿತು. ಹಬ್ಬಿಸಿದವನು ಅವನೇ ಅನ್ನುತ್ತಾರೆ. ಆಮೇಲೆ "ಇದು ಸುಳ್ಳು, ಅವಳು ಚೆನ್ನಾಗಿದ್ದಾಳೆ" ಅಂತ ಅವನೇ ಜಾಹೀರಾತು ಕೊಟ್ಟ. ಅವಳನ್ನು ಕಣ್ಣಾರೆ ನೋಡಲು ಜನ ಮುಗಿಬಿದ್ದರು. ಹೀಗೆ ಪರದೆಯ ಮೇಲಿನ ಒಂದು ಮುಖಕ್ಕೆ ಹೆಸರು ಬಂತು. 1938ರಲ್ಲಿ ಅವಳು ನಿಜವಾಗಿ ಸತ್ತಾಗ ಮಾತ್ರ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ಕಲ್ಲು ನೆಟ್ಟಿದ್ದು 1991ರಲ್ಲಿ. ನಿನ್ನೆ ರಾತ್ರಿ ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ನಾನೇನೂ ಸಾಚಾ ಅಲ್ಲ, ಹೇಳಿಬಿಡುತ್ತೇನೆ. ನಿನ್ನ ವಯಸ್ಸಲ್ಲಿ ಒಬ್ಬ ಹೀರೋಗೆ ನಾಲ್ಕು ಪುಟದ ಕಾಗದ ಬರೆದಿದ್ದೆ (ಯಾರು ಅಂತ ಕೇಳಬೇಡ, ಹೇಳಲ್ಲ). ಸಹಿ ಹಾಕಿದ ಫೋಟೋ ಬಂತು. ತಿಂಗಳುಗಟ್ಟಲೆ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ಆಮೇಲೆ ಗೆಳತಿಯ ಹತ್ತಿರವೂ ಅದೇ ಫೋಟೋ, ಅದೇ ಸಹಿ, ಕೊನೆಯ ಅಕ್ಷರದ ಬಾಲ ಕೂಡ ಅದೇ ಕಡೆ ತಿರುಗಿತ್ತು. ಅಚ್ಚು ಹಾಕಿಸಿದ್ದು! ಅವತ್ತು ಅತ್ತದ್ದು ಈಗ ನೆನೆದರೆ ನಗು ಬರುತ್ತದೆ, ಅವತ್ತು ನಗು ಬಂದಿರಲಿಲ್ಲ. ಅವರು ನಮಗೆ ಗೊತ್ತು, ನಾವು ಅವರಿಗೆ ಗೊತ್ತಿಲ್ಲ. ಟಿವಿ ನೋಡುವವರ ಈ ಒಂದು ಕೈಯ ಚಪ್ಪಾಳೆಯ ಬಗ್ಗೆ ಹಾರ್ಟನ್ ಮತ್ತು ವೋಲ್ ಅನ್ನುವ ಇಬ್ಬರು ಸಂಶೋಧಕರು 1956ರಲ್ಲೇ ಬರೆದಿದ್ದಾರಂತೆ.

ಇನ್ನೊಂದು ತಪ್ಪೂ ಒಪ್ಪಿಕೊಳ್ಳುತ್ತೇನೆ. 2007ರಲ್ಲಿ ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ತಲೆ ಬೋಳಿಸಿಕೊಂಡ ಫೋಟೋ ಎಲ್ಲ ಕಡೆ ಬಂದಾಗ ನಾನೂ ನಕ್ಕಿದ್ದೆ. ಮುಂದಿನ ವರ್ಷ ಕೋರ್ಟು ಅವಳ ದುಡ್ಡು, ಬದುಕು ಎರಡನ್ನೂ ಬೇರೆಯವರ ಕೈಗೆ ಕೊಟ್ಟಿತು. ವಾಪಸ್ ಸಿಕ್ಕಿದ್ದು 2021ರ ನವೆಂಬರಿನಲ್ಲಿ. ಅದರಲ್ಲಿ ಬಹುಪಾಲು ವರ್ಷ ಅವಳು ಸ್ಟೇಜ್ ಮೇಲೆ ಕುಣಿದಳು, ಆಲ್ಬಮ್ ಮಾಡಿದಳು, ನಾವು ದುಡ್ಡು ಕೊಟ್ಟು ಕೇಳಿದೆವು. ಆದ್ದರಿಂದ ಯಾರೋ ನಟಿ ದಪ್ಪಗಾದಳು ಅಂತ ನೀನು ಮತ್ತು ನಿನ್ನ ಗೆಳತಿಯರು ಗ್ರೂಪಿನಲ್ಲಿ ಆಡಿಕೊಳ್ಳುವಾಗ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅವಳಿಗೆ ಅಂದ ಮಾತೇ ತಿರುಗಿ ಬಂದು ನಿನ್ನೆ ನಮ್ಮ ಊಟದ ತಟ್ಟೆ ಸರಿಸಿತು ಅಂತ ನನಗೆ ಅನುಮಾನ.

ಹಾಗಂತ ಗೋಡೆಯ ಪೋಸ್ಟರ್ ತೆಗೆ ಅನ್ನುತ್ತಿಲ್ಲ. ಆ ಹಾಡುಗಳನ್ನು ಜೋರಾಗಿಯೇ ಹಾಕು, ಎರಡನೆಯದು ನನಗೂ ಇಷ್ಟ. ಒಳ್ಳೆಯ ದನಿ ಒಳ್ಳೆಯ ದನಿಯೇ, ಅದರಲ್ಲಿ ಸುಳ್ಳೇನೂ ಇಲ್ಲ.

ಮತ್ತೆ, ಆ ನೀಲಿ ಡ್ರೆಸ್ಸು. ಬೀರುವಿನಲ್ಲಿ ಹಿಂದೆ ಮುಚ್ಚಿಟ್ಟಿದ್ದು ನೋಡಿದೆ. ಜಿಪ್ ಎಳೆದೂ ಎಳೆದೂ ಅಂಚು ಸ್ವಲ್ಪ ಕಿತ್ತಿದೆ. ಒಳಗೆ ಎರಡೂ ಪಕ್ಕ ಬಟ್ಟೆ ಬಿಟ್ಟಿದ್ದಾರೆ, ಹೊಲಿಗೆ ಬಿಚ್ಚಿದ್ದೇನೆ, ಹತ್ತಿರ ಹತ್ತಿರ ಎರಡಿಂಚು ಸಿಗುತ್ತದೆ. ಸಂಜೆ ಬಂದು ಒಂದು ಸಲ ಹಾಕಿಕೊಂಡು ನಿಲ್ಲು, ಗುರುತು ಮಾಡಿ ಹೊಲಿದು ಕೊಡುತ್ತೇನೆ. ಊಟ ಮಾಡಿದ ಮೇಲೆ ಅಳತೆ ತೆಗೆಯುವುದು, ಮೊದಲೇ ಅಲ್ಲ.

ನಿನ್ನ ಅಮ್ಮ